ಕೇಳದಽ ಬಂದ ನೀಲಿ ಉಂಗುರ

ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟಿಗೆ ಬರೂ ಮೊದಲ ಸರ್ಕಾರದವರು ನೋಟಿಸ್ ಕೊಟ್ರು, ಪರಿಹಾರ ಕೊಟ್ರು, ನವನಗರದಾಗ ಸೆಕ್ಟರ್ ನಂಬರ್ ಹಾಕಿ ಜಾಗಾನೂ ತೋರಿಸಿದ್ರು. 2024ರ ಜೂನ್‌ದಾಗ ನಮ್ಮ ದೇಶದ ವಾಟ್ಸಾಪ್‌ಗೆ ಮೆಟಾ ಎಐ ಅನ್ನೂ ಸಹಾಯಕ ಬಂತು ನೋಡ್ರಿ, ನೋಟಿಸೂ ಇಲ್ಲ, ಪರಿಹಾರಾನೂ ಇಲ್ಲ. ಒಂದು ನೀಲಿ ಉಂಗುರ ಬಂದು ಮೂಲ್ಯಾಗ ಕುಂತೇಬಿಡ್ತು.

2025ರ ಏಪ್ರಿಲ್‌ದಾಗ ಯುರೋಪಿನವರೂ ಇದನ್ನ ತಗೀರಿ ಅಂತ ಗದ್ದಲ ಹಾಕಿದ್ರು. ಕಂಪನಿ ಅಂತು: ಇದು ಪೂರ್ತಿ ಐಚ್ಛಿಕ. ಅಂದ್ರ ಬಳಸೂದು ಬಿಡೂದು ನಿಮ್ಮಿಚ್ಛಾ, ಉಂಗುರ ಇರೂದು ಅವರಿಚ್ಛಾ. ಮದುವಿ ಊಟದಾಗ ಬ್ಯಾಡ ಅಂದ್ರೂ ಎಲಿಗೆ ಬಿದ್ದ ಹೋಳಿಗಿ ಇದ್ದಂಗ.

ನಮ್ಮ ಓಣಿ ಅಜ್ಜಾರು ಕೇಳಿದ್ರು: “ತಮ್ಮಾ, ಇದನ್ನ ಆರಿಸೂ ಗುಂಡಿ ಎಲ್ಲೈತಿ?”

“ಇಲ್ರೀ ಅಜ್ಜಾರ.”

“ಆರಿಸೂ ಗುಂಡಿ ಇಲ್ದ ದೀಪಾ ಹಚ್ಚಿದ ಶ್ಯಾಣ್ಯಾ ಯಾಂವೋ?”

ಆಗ ನಾ ಅವರಿಗೆ ಒಂದು ಹಳೇ ಕತಿ ಹೇಳಿದೆ: ಮೈಕ್ರೋಸಾಫ್ಟ್‌ನ ಆಫೀಸ್ 97ರಾಗ ಕ್ಲಿಪ್ಪಿ ಅಂತ ಹುಬ್ಬು ಹಾರಿಸೂ ಕಾಗದದ ಕ್ಲಿಪ್ ಇತ್ತು, ಪತ್ರ ಬರಿಯಾಕ ಕುಂತ್ರ ಸಾಕು, ಸಹಾಯ ಬೇಕೇನು ಅಂತ ಹಾಜರ್. ಜಗತ್ತೆಲ್ಲಾ ಬೈತು. ಆದ್ರ ಪಾಪ, ಸಂಭಾವಿತ. ಹೋಗು ಅಂದ್ರ ಹೋಗ್ತಿತ್ತು. ಈ ಕತಿ ಕೇಳಿ ಅಜ್ಜಾರು ಅಂದ್ರು: “ಅದನ್ನ ಒಂದಪಾ ಕರಸ್ರಲ್ಲ, ಇದಕ್ಕ ನಾಕು ಬುದ್ಧಿಮಾತು ಹೇಳಿ ಹೋಗ್ಲಿ!”