ಭಾವನ ಮಡಿ, ಜಪಾನಿನ ಸಾರು

ಜಪಾನಿಗೆ ಹೊರಟ ಸಸ್ಯಾಹಾರಿಗಳಿಗೆ ಊರವರೆಲ್ಲ ಮಾಂಸದ ವಿಚಾರವಾಗಿಯೇ ಎಚ್ಚರಿಕೆ ಹೇಳಿ ಕಳಿಸುತ್ತಾರೆ. ಅದು ದಂಡ. ಮಾಂಸ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಬೇಡವೆನ್ನಬಹುದು. ಅಲ್ಲಿ ನಮ್ಮಂಥವರಿಗೆ ತೊಡಕಾಗುವುದು ನೀರು. ನೂಡಲ್ಸಿನ ಸಾರಿಗೆ, ಸೊಪ್ಪಿನ ಮೇಲೆ ಸುರಿಯುವ ರಸಕ್ಕೆ, ಟೆಂಪುರಾ ಅದ್ದಿಕೊಳ್ಳುವ ಬಟ್ಟಲಿಗೆ ಎಲ್ಲಕ್ಕೂ ಬುನಾದಿ ‘ದಾಶಿ’ ಎಂಬ ತಿಳಿನೀರು. ಬಹುಪಾಲು ಕಡೆ ಆ ನೀರಿನಲ್ಲಿ ಮೀನು ಒಮ್ಮೆ ಮಿಂದು ಎದ್ದುಹೋಗಿರುತ್ತದೆ.

ಈ ಜ್ಞಾನೋದಯ ನಮಗಾದದ್ದು ಒಸಾಕಾದ ಒಂದು ಉದೋನ್ ಅಂಗಡಿಯಲ್ಲಿ. ನಾವೆಂದರೆ ನಾನು, ನನ್ನ ಹೆಂಡತಿ, ಅವಳ ಅಣ್ಣ. ತೀರ್ಥಹಳ್ಳಿ ಕಡೆಯ ಈ ಭಾವ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ, “ಒಂದ್ಸಲ ಹೊರದೇಶ ನೋಡೇ ಬಿಡಣ” ಎಂದು ಹೊರಟವರು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟದ ಮನುಷ್ಯ. ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಪ್ರತಿ ತಿಂಡಿಯ ಪ್ಲಾಸ್ಟಿಕ್ ಮಾದರಿ ಇಟ್ಟಿದ್ದರು. ಭಾವ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಹೆಣ್ಣು ನೋಡಲು ಬಂದವರ ಗಾಂಭೀರ್ಯದಲ್ಲಿ ಒಂದೊಂದನ್ನೇ ಪರಿಶೀಲಿಸಿದರು. ಬಿಳಿ ಶ್ಯಾವಿಗೆ, ತಿಳಿ ಸಾರು, ಮೇಲೆರಡು ಚೂರು ಈರುಳ್ಳಿ ಸೊಪ್ಪು ಇದ್ದ ಬೋಗುಣಿಯೊಂದು ಪಾಸಾಯಿತು. “ಆ ಸೊಪ್ಪೊಂದು ತೆಗೆಸಿಬಿಟ್ರೆ ಪರಿಶುದ್ಧ” ಎಂದರು.

ಒಳಗೆ ಬಡಿಸುವ ಹುಡುಗಿಗೆ ಕೈಸನ್ನೆ ಮಾಡಿ ಸೊಪ್ಪು ತೆಗೆಸಿದ್ದೂ ಆಯಿತು. ಅವಳಿಗೋ ನಮ್ಮ ಮೇಲೆ ಕನಿಕರ. ನಾವು ಮೀನು ತಿನ್ನದವರೆಂದು ಹೇಗೋ ಗೊತ್ತಾಗಿ, ಓಡಿಬಂದು ಮೇಜಿನ ಪಕ್ಕ ನಿಂತಳು. ಅಂಗೈಯನ್ನು ಬಳುಕಿಸಿ ಗಾಳಿಯಲ್ಲೊಂದು ಮೀನು ಈಜಿಸಿದಳು. ಆ ಮೀನನ್ನು ಕಾಣದ ಹಂಡೆಯೊಂದರಲ್ಲಿ ಮುಳುಗಿಸಿದಳು, ಸ್ವಲ್ಪ ಹೊತ್ತು ಕಾದಳು, ಎತ್ತಿ ಆಚೆಗೆ ಎಸೆದಳು. ಆಮೇಲೆ ಭಾವನ ಬೋಗುಣಿಯತ್ತ ಬೊಟ್ಟುಮಾಡಿ ತಲೆಬಾಗಿ ಕ್ಷಮೆ ಕೇಳಿದಳು. ಇಷ್ಟು ಸ್ಪಷ್ಟವಾದ ಅಭಿನಯವನ್ನು ನಾನು ಯಕ್ಷಗಾನದಲ್ಲೂ ಕಂಡಿಲ್ಲ. ಎತ್ತಿದ್ದ ಕಡ್ಡಿಗಳನ್ನು ಭಾವ ಹಾಗೇ ಕೆಳಗಿಟ್ಟರು.

ಆ ಮೀನಿನ ಕಥೆಯೂ ಸಣ್ಣದಲ್ಲ. ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಉತ್ತಮ ದರ್ಜೆಯದಕ್ಕೆ ಬೂಷ್ಟು ಬೇರೆ ಬರಿಸಿ, ಕೊನೆಗೆ ಸೌದೆ ತುಂಡಿನಷ್ಟು ಗಟ್ಟಿಯಾದಾಗ ಹತ್ತರಿಯಲ್ಲಿ ಹೆರೆದು ತೆಗೆದ ತೆಳುಪದರವೇ ಕತ್ಸುಓಬುಶಿ. ವಿಪರ್ಯಾಸ ನೋಡಿ: 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ಪ್ರೊಫೆಸರು ‘ಉಮಾಮಿ’ ರುಚಿಯ ಮೂಲ ಹಿಡಿದದ್ದು ಮೀನಿನಲ್ಲಲ್ಲ, ಕೊಂಬು ಎಂಬ ಸಮುದ್ರಪಾಚಿಯಲ್ಲಿ. ನಮ್ಮೂರ ಗೋಬಿ ಮಂಚೂರಿ ಗಾಡಿಯವರು ಚಿಟಿಕೆ ಹಾಕುವ ಟೇಸ್ಟಿಂಗ್ ಪೌಡರ್ ಅವರ ಆ ಶೋಧದ ಕೂಸು. ಜಪಾನಿನವರು ಪಾಚಿಗೇ ತೃಪ್ತರಾಗಿದ್ದರೆ ಭಾವ ಅಂದು ಹೊಟ್ಟೆತುಂಬ ಉಣ್ಣುತ್ತಿದ್ದರು.

ಮರುದಿನ ಒಕೊನೊಮಿಯಾಕಿ ಅಂಗಡಿಗೆ ಹೋದದ್ದು ನನ್ನ ಹೆಂಡತಿಯ ಹಟಕ್ಕೆ. ಎಲೆಕೋಸಿನ ದಪ್ಪ ದೋಸೆ ಅಂತ ಯಾರೋ ಹೇಳಿದ್ದರಂತೆ. ಹಿಟ್ಟಿಗೆ ಮೊಟ್ಟೆ ಬೀಳುವುದನ್ನು ಕಂಡೇ ನಾವು ಏಳಬೇಕಿತ್ತು, ಅಷ್ಟರಲ್ಲಿ ಪಕ್ಕದ ಗಿರಾಕಿಯ ಕಾದ ಕಾವಲಿಯ ಮೇಲೆ ಅದೇ ಮೀನಿನ ಹೆರೆ ಉದುರಿಸಿದರು. ಹಬೆಗೆ ಆ ಪದರಗಳು ಬಳುಕಿ, ಎದ್ದು, ಮಡಿಸಿಕೊಂಡು ಕುಣಿಯತೊಡಗಿದವು. “ಅಯ್ಯೋ ರಾಮ, ಕೈ ಆಡಿಸ್ತಾ ಇದೆ ಕಣೇ, ಇನ್ನೂ ಜೀವ ಇದೆ!” ಎಂದು ಭಾವ ಕುರ್ಚಿಯಿಂದೆದ್ದ ರಭಸಕ್ಕೆ ಆ ಗಿರಾಕಿಯೂ ಎದ್ದುನಿಂತು ನಮಸ್ಕರಿಸಿದ. ನಾವೂ ನಮಸ್ಕರಿಸಿ ಹೊರಬಂದೆವು. ಆ ರಾತ್ರಿ ಅಂಗಡಿಯ ಮುಕ್ಕೋನದ ಅನ್ನದುಂಡೆ, ಊರಿನ ಚಟ್ನಿಪುಡಿ. ಉಂಡೆಯ ಪ್ಲಾಸ್ಟಿಕ್ ಹೊದಿಕೆಯ ಮೇಲೆ 1, 2, 3 ಎಂದು ಬಿಚ್ಚುವ ಕ್ರಮ ಅಚ್ಚಾಗಿರುತ್ತದೆ. ಹಸಿದ ಭಾವ 3ರಿಂದ ಶುರುಮಾಡಿದರು.

ಕೊನೆಗೆ ನಮ್ಮನ್ನು ಕಾಪಾಡಿದ್ದು ಕೋಯಾಸಾನ್. 816ರಲ್ಲಿ ಕೂಕಾಯಿ ಎಂಬ ಯತಿ ಸ್ಥಾಪಿಸಿದ ಬೌದ್ಧ ಕ್ಷೇತ್ರ. ಒಸಾಕಾದಿಂದ ರೈಲು, ಕೊನೆಯ ಕಡಿದಾದ ಏರಿಗೆ ಕೇಬಲ್ ಕಾರು. ಮಠಗಳಲ್ಲೇ ಉಳಿಯಬಹುದು, ಮಠದ್ದೇ ಊಟ. ಸಾರಿಗೆ ಪಾಚಿ ಮತ್ತು ಒಣ ಅಣಬೆ. ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ ಎಂದು ತಿಳಿದಾಗ ಭಾವನ ಮುಖ ನೋಡಬೇಕಿತ್ತು. ನೆಂಟಸ್ತಿಕೆ ಕುದುರಿದ ಕಳೆ! ಬೋಳುತಲೆಯ ಮರಿಸನ್ಯಾಸಿಯೊಬ್ಬ ಕೆಂಪು ಅರಗಿನ ಗಿಡ್ಡ ಮಣೆಗಳಲ್ಲಿ ಪುಟ್ಟ ಪುಟ್ಟ ಬಟ್ಟಲು ತಂದಿಟ್ಟ. ಎಳ್ಳು ಅರೆದು ಗೆಡ್ಡೆಯ ಹಿಟ್ಟಿನೊಂದಿಗೆ ಕಾಸಿದ ಎಳ್ಳಿನ ತೋಫು ಬಾಯಲ್ಲಿಟ್ಟರೆ ಬೆಲ್ಲ ಮರೆತ ಹಾಲುಬಾಯಿ. ಅದರ ಮೇಲಿದ್ದ ಹಸಿರು ಮುದ್ದೆಯನ್ನು ಭಾವ ಕಾಯಿಚಟ್ನಿಯೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅದು ವಸಾಬಿ. ಬಂದ ಕಣ್ಣೀರನ್ನು ಮರಿಸನ್ಯಾಸಿ ಭಕ್ತಿಯೆಂದು ತಿಳಿದಿರಬೇಕು. ಇನ್ನೊಂದು ಬಟ್ಟಲು ತಂದ.

ಬೆಳಿಗ್ಗೆ ಮಠದಲ್ಲಿ ಹೋಮ. ಸಮಿತ್ತು, ಧಾನ್ಯ ಅಗ್ನಿಗೆ ಬೀಳುತ್ತಿದ್ದರೆ ಭಾವ ಮನೆಯಲ್ಲಿದ್ದವರಂತೆ ಚಕ್ಕಳಮಕ್ಕಳ ಕೂತು, ಎಲ್ಲೆಲ್ಲಿ ಸ್ವಾಹಾಕಾರ ಬರಬೇಕೆಂದು ನನಗೆ ಪಿಸುಗುಟ್ಟುತ್ತಿದ್ದರು. ಆಮೇಲೆ ಓಕುನೋಇನ್ ಸ್ಮಶಾನ. ಮುಗಿಲೆತ್ತರದ ದೇವದಾರುಗಳ ನಡುವೆ 2 ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಗೆದ್ದಲು ನಿವಾರಣೆಯ ಉದ್ಯಮದವರು ತಾವು ಕೊಂದ ಗೆದ್ದಲುಗಳಿಗೂ ಒಂದು ಸ್ಮಾರಕ ಕಟ್ಟಿಸಿದ್ದಾರೆ. ತೋಟದ ಮಾಲೀಕರಾದ ಭಾವ ಅದರ ಮುಂದೆ ಕೊಂಚ ಹೊತ್ತು ಅನುಮಾನದಿಂದ ನಿಂತರು. ತುದಿಯಲ್ಲಿ ಕೂಕಾಯಿಯ ಗುಡಿ. ಅವರು ತೀರಿಕೊಂಡಿಲ್ಲ, ಧ್ಯಾನದಲ್ಲಿದ್ದಾರೆ ಎಂಬ ನಂಬಿಕೆ. ಅದಕ್ಕಾಗಿ ಇಂದಿಗೂ ದಿನಕ್ಕೆ 2 ಹೊತ್ತು ಸನ್ಯಾಸಿಗಳು ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತೊಯ್ಯುತ್ತಾರೆ. “ಈ ದೇಶದಲ್ಲಿ ಊಟದ ಚಿಂತೆ ಇಲ್ಲದ ಸಸ್ಯಾಹಾರಿ ಇವರೊಬ್ಬರೇ” ಎಂದು ಭಾವ ಕೈಮುಗಿದರು.

ಟೋಕಿಯೊ ತಲುಪಿದ ಮೇಲೆ ಇಂಡಿಯನ್ ಹೋಟೆಲ್ ಹುಡುಕಿ ನುಗ್ಗಿದೆವು. ಅಲ್ಲಿ ಇಂಥ ಹೋಟೆಲು ನಡೆಸುವವರು ಎಷ್ಟೋ ಕಡೆ ನೇಪಾಳದವರು. ನಾನ್ ತಟ್ಟೆಯಿಂದ ಎರಡು ಕಡೆಯೂ ಹೊರಗೆ ಜೋತುಬಿದ್ದಿರುತ್ತದೆ. ಭಾವ ತಮ್ಮ ಹರುಕು ಹಿಂದಿಯಲ್ಲಿ, “ದಾಲ್‌ನಲ್ಲಿ ಮೀನು ಉಂಟಾ?” ಎಂದು ವಿಚಾರಿಸಿದರು. ಮಾಲೀಕ ಕಿವಿ ಮುಟ್ಟಿಕೊಂಡ. “ರಾಮ ರಾಮ! ಬರೀ ಬೆಳ್ಳುಳ್ಳಿ ಒಗ್ಗರಣೆ ಸಾಹೇಬ್, ಧಾರಾಳ ಹಾಕಿದ್ದೀವಿ.”

ಭಾವ ಕುಸಿದು ಕೂತರು. “ನಮ್ಮವರು ಅಂತ ನಂಬಿ ಬಂದ್ರೆ ಹಿಂಗಾ! ಆ ಬೆಟ್ಟದ ಮೇಲಿನ ಭಟ್ಟರೇ ವಾಸಿ.”

“ಅಣ್ಣಾ, ಹಂಗಾದ್ರೆ ನಿನ್ನ ನಾನ್ ನಾನ್ ತಿನ್ಲಾ?” ಎಂದು ನನ್ನ ಹೆಂಡತಿ ತಟ್ಟೆ ಎಳೆದುಕೊಂಡಳು.

“ತಿನ್ನು. ಹಿಟ್ಟಿಗೆ ಮೊಟ್ಟೆ ಹಾಕಿದಾರಾ ಅಂತ ಒಂದು ಮಾತು ಕೇಳ್ಕೋ.”

ಅವಳು ದೊಡ್ಡ ತುಂಡೊಂದನ್ನು ಹರಿದು ದಾಲ್‌ನಲ್ಲಿ ಅದ್ದಿದಳು. “ಉಂಡಾದ್ಮೇಲೆ ಕೇಳಿದ್ರಾಯ್ತು ಬಿಡೋ ಅಣ್ಣಾ.”