ಹೆಬ್ಬಾಳದಿಂದ ಹೇಗ್‌ಗೆ

ಹೆಬ್ಬಾಳ ಮೇಲ್ಸೇತುವೆಯ ಮೇಲೆ ಆಟೋ ನಿಂತಿತ್ತು. (ಮೀಟರ್ ನಿಂತಿರಲಿಲ್ಲ.)

ಮೇಷ್ಟ್ರು: ನಡೆಯೋಕೆ ಫುಟ್‌ಪಾತಿಲ್ಲ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಹೋಗ್ತೀನಿ ಕಣ್ರೀ!

ವಕೀಲರು: ಅಲ್ಲಿ ದಾವೆ ಹೂಡೋಕೆ ನೀವು ದೇಶವಾಗಿರಬೇಕು. ಮೇಷ್ಟ್ರಾದರೆ ಸಾಲದು.

ಮೇಷ್ಟ್ರು: ಯುರೋಪಿನವರು ಸ್ಟ್ರಾಸ್‌ಬರ್ಗ್‌ಗೆ ಹೋಗ್ತಾರಲ್ಲ?

ವಕೀಲರು: ಏಷ್ಯಾಕ್ಕೆ ಅಂಥ ಮಾನವ ಹಕ್ಕು ಕೋರ್ಟೇ ಇಲ್ಲ. 1979ರಲ್ಲಿ ನಾಗರಿಕ ಹಕ್ಕುಗಳ ಒಡಂಬಡಿಕೆಗೆ ಸೇರಿದೆವು. ವ್ಯಕ್ತಿಗಳು ವಿಶ್ವಸಂಸ್ಥೆಗೆ ದೂರು ಕೊಡಬಹುದಾದ ಐಚ್ಛಿಕ ಪ್ರೋಟೊಕಾಲ್‌ಗೆ ಮಾತ್ರ ಸೇರಲಿಲ್ಲ.

ಮೇಷ್ಟ್ರು: ಹಂಗಾದ್ರೆ ಈ ಕಡೆಯಿಂದ ಯಾರ ತಕರಾರೂ ಹೇಗ್ ಮುಟ್ಟಿಲ್ವಾ?

ವಕೀಲರು: ಮುಟ್ಟದೇ ಏನು! ಇಲ್ಲೇ ನ್ಯೂ ಬಿಇಎಲ್ ರಸ್ತೆ ಹತ್ತಿರ ಇಸ್ರೋದ ಆಂಟ್ರಿಕ್ಸ್ ಇದೆಯಲ್ಲ, 2005ರಲ್ಲಿ ದೇವಾಸ್ ಕಂಪನಿ ಜೊತೆ ಉಪಗ್ರಹ ಒಪ್ಪಂದ ಮಾಡಿಕೊಂಡಿತು. 2011ರಲ್ಲಿ ರದ್ದು. ದೇವಾಸ್‌ನ ಮಾರಿಷಸ್ ಹೂಡಿಕೆದಾರರು ಹೇಗ್‌ನ ಪಂಚಾಯ್ತಿ ಪೀಠ ಹತ್ತಿದರು. 2016ರಲ್ಲಿ ಭಾರತವೇ ಹೊಣೆ ಎಂಬ ತೀರ್ಪು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇವಾಸ್‌ನದ್ದು ವಂಚನೆ ಎಂದಿತು. ಆದರೂ ವಸೂಲಿಗಾಗಿ ಹೊರದೇಶದ ಕೋರ್ಟುಗಳ ಅಲೆದಾಟ ನಡೆದೇ ಇತ್ತು.

ಮೇಷ್ಟ್ರು: ಅಂದ್ರೆ ದುಡ್ಡಿಗೆ ಹೇಗ್ ವೀಸಾ ಇದೆ, ನನಗಿಲ್ಲ.

ವಕೀಲರು: ಹೂಡಿಕೆದಾರನಿಗೆ ದ್ವಿಪಕ್ಷೀಯ ಒಪ್ಪಂದ, ನಿಮಗೆ ಸಂವಿಧಾನದ 226ನೇ ವಿಧಿ. ಹೈಕೋರ್ಟಿಗೇ ಅರ್ಜಿ ಹಾಕಿ, ಸ್ವಾಮೀ.