ಕಿವಿಯ ಹಂಗು ತೊರೆದವರು

ಸಂಗೀತವನ್ನು ಪ್ರೀತಿಸುವವರು ಅದನ್ನು ಕೇಳಲೇಬೇಕು ಎಂಬ ಮೂಢನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಕಛೇರಿ ನಡೆಯುವಾಗ ಹೋಗಿ ನೋಡಿ. ಟಿಕೆಟ್ ಕೊಂಡವರು ಒಳಗೆ, ಕೊಳ್ಳದವರು ಹೊರಗೆ ಫುಟ್‌ಪಾತಿನ ಮೇಲೆ; ಇಬ್ಬರದೂ ಒಂದೇ ಕಸುಬು. ಕಣ್ಣು ಮುಚ್ಚಿಕೊಂಡು, ತೊಡೆ ತಟ್ಟಿಕೊಂಡು, ಪಕ್ಕದವರು ಪಿಸುಗುಟ್ಟಿದರೆ ಹುಬ್ಬು ಗಂಟಿಕ್ಕಿಕೊಂಡು ಗಂಟೆಗಟ್ಟಲೆ ಕೇಳುವುದು. ಒಂದು ವಿಡಿಯೋ ಇಲ್ಲ, ಒಂದು ಟೀ ಶರ್ಟ್ ಇಲ್ಲ. ಮಂಗಳ ಹಾಡಿದ ಮೇಲೆ ಬರಿಗೈಯಲ್ಲಿ ಎದ್ದು ಮನೆಗೆ ಹೋಗುತ್ತಾರೆ. ಪಾಪ, ಚಟ.

ಈ ಚಟದಿಂದ ಪೂರ್ತಿ ಬಿಡುಗಡೆ ಪಡೆದ ಮಹನೀಯರೂ ನಮ್ಮೂರಿನಲ್ಲೇ ಇದ್ದಾರೆ. ಅವರು ಬೆಂಗಳೂರಿನ ರಾಕ್ ರಸಿಕರು. ಅವರ ಸಾಧನೆಯನ್ನು ಕನ್ನಡದಲ್ಲಿ ಯಾರೂ ಸರಿಯಾಗಿ ಕೊಂಡಾಡಿಲ್ಲ. ನನ್ನ ಭಾವಮೈದುನ ಅವರ ಪೈಕಿ ಒಬ್ಬನಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಇವರ ಪುಣ್ಯಕ್ಷೇತ್ರ ಅರಮನೆ ಮೈದಾನ. ಮದುವೆ, ರಾಜಕೀಯ ಸಮಾವೇಶ, ವಸ್ತುಪ್ರದರ್ಶನ ಎಲ್ಲಕ್ಕೂ ಅದೇ ಜಾಗ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲಿಗೇ ಬಂದು ನುಡಿಸಿ ಹೋದರು. ಮದುವೆ ಸಂಬಂಧ ಕುದುರಿಸುವಾಗ ಗೋತ್ರ ವಿಚಾರಿಸುವಷ್ಟು ಗಂಭೀರವಾಗಿ ರಸಿಕರು ಪರಸ್ಪರ ವಿಚಾರಿಸುವುದು ಈ ತಾರೀಖುಗಳನ್ನೇ. ‘ಮೇಡನ್‌ಗೆ ಹೋಗಿದ್ರಾ?’ ‘ಹೋಗಿದ್ದೆ.’ ಅಲ್ಲಿಗೆ ಪರೀಕ್ಷೆ ಮುಗಿಯಿತು. ಯಾವ ಹಾಡು ಹೇಗಿತ್ತು, ಗಿಟಾರ್ ಶ್ರುತಿಯಲ್ಲಿತ್ತೇ ಎಂಬ ಅಲ್ಪ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಹಾಗೆ ನೋಡಿದರೆ ಅದೇ 2011ರಲ್ಲಿ ಗುರುಗ್ರಾಮದವರಿಗೆ ಒಲಿದ ಭಾಗ್ಯ ನಮಗೆ ಒಲಿಯಲಿಲ್ಲ. ಅಕ್ಟೋಬರ್ 28ರಂದು ಅಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ನಿಂತೇಹೋಯಿತು. ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಮುರಿದರು. ಸಂಗೀತದ ಲವಲೇಶವೂ ಇಲ್ಲದ ಸಂಗೀತ ಕಾರ್ಯಕ್ರಮ! ಅದನ್ನು ಇವತ್ತಿಗೂ ಮರೆಯದವರಿದ್ದಾರೆ.

ಒಮ್ಮೆ ಭಾವಮೈದುನ ನನ್ನನ್ನೂ ಕರೆದುಕೊಂಡು ಹೋಗಿದ್ದ. ಈಗ ಅರಮನೆ ಮೈದಾನವೊಂದೇ ಅಲ್ಲ, ಥಣಿಸಂದ್ರದ ಕಡೆ, ಮಾದಾವರದ ಕಡೆ ಎಂದು ಊರಾಚೆಗೂ ಕಾರ್ಯಕ್ರಮಗಳಾಗುತ್ತವೆ. ಇದು ಒಳ್ಳೆಯದೇ; ಟ್ರಾಫಿಕ್ಕಿನಲ್ಲಿ ಕಳೆಯುವ ಸಮಯ ಹೆಚ್ಚಾದಷ್ಟೂ ಸಂಗೀತಕ್ಕೆ ಕೊಡಬೇಕಾದ ಸಮಯ ಕಮ್ಮಿಯಾಗುತ್ತದೆ. ಮೈಮೇಲೆ ಕಪ್ಪು ಟೀ ಶರ್ಟ್ ಕಡ್ಡಾಯ. ಆದರೆ ಅಂದು ನುಡಿಸುವ ತಂಡದ್ದೇ ಹೆಸರಿರುವ ಟೀ ಶರ್ಟ್ ಹಾಕಿಕೊಂಡು ಹೋಗುವವನು ಹಳ್ಳಿಗುಗ್ಗು. ಬೇರೆ ತಂಡದ್ದು, ಅದರಲ್ಲೂ ಹೆಸರಿನ ಅಕ್ಷರಗಳು ಮುಳ್ಳುಕಂಟಿಯೊಳಗೆ ಹುದುಗಿ ಓದಲು ಬಾರದಂತಿರುವುದು, ಶ್ರೇಷ್ಠ. ಗೇಟಿನಲ್ಲಿ ನೀರಿನ ಬಾಟಲಿ, ಪವರ್ ಬ್ಯಾಂಕ್, ಲೈಟರ್, ಚಿಲ್ಲರೆ ಕಾಸು ಎಲ್ಲವನ್ನೂ ಕಸಿದು ಗುಡ್ಡೆ ಹಾಕುತ್ತಿದ್ದರು. ಹೆಲ್ಮೆಟ್ ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ ಎಂದರು. ‘ಮತ್ತೆ ಏನಪ್ಪ ಮಾಡೋದು?’ ಎಂದು ಕೇಳಿದೆ. ಗೇಟಿನವನು ನನ್ನನ್ನು ಕರುಣೆಯಿಂದ ನೋಡಿ, ‘ಸಾರ್, ಹಿಂದೆ ಜನ ಇದಾರೆ’ ಎಂದ. ಭಾವಮೈದುನ ತನ್ನ ಹೆಲ್ಮೆಟ್ಟನ್ನು ಒಂದು ಹೊಂಗೆಮರದ ಬುಡದಲ್ಲಿ ಇಟ್ಟು, ಹಿಂತಿರುಗಿ ನೋಡದೆ ಒಳಗೆ ನಡೆದ. ಸಿದ್ಧಾರ್ಥ ಅರಮನೆ ಬಿಟ್ಟದ್ದನ್ನು ನಾನು ಕಂಡಿಲ್ಲ, ಇದನ್ನು ಕಂಡೆ.

ಒಳಗೆ ದುಡ್ಡು ನಡೆಯುವುದಿಲ್ಲ. ಮೊದಲು ಒಂದು ಸಾಲಿನಲ್ಲಿ ನಿಂತು ಮಣಿಕಟ್ಟಿನ ಪಟ್ಟಿಗೆ ದುಡ್ಡು ತುಂಬಿಸಬೇಕು, ಆಮೇಲೆ ಇನ್ನೊಂದು ಸಾಲಿನಲ್ಲಿ ನಿಂತು ಅದನ್ನು ಬಿಯರಾಗಿ ಬದಲಿಸಬೇಕು. ಎರಡನೇ ಸಾಲಿನಲ್ಲಿದ್ದಾಗ ದೂರದಲ್ಲಿ ಏನೋ ಗುಡುಗತೊಡಗಿತು. ‘ಶುರುವಾಯ್ತು ಅನ್ಸುತ್ತೆ, ಹೋಗೋಣ್ವೇನೋ?’ ಎಂದೆ. ‘ಇರಿ ಭಾವ, ಇದು ಹೊಸ ಆಲ್ಬಮ್ಮಿಂದು’ ಎಂದ. ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ನನಗೆ ಆಶ್ಚರ್ಯ. ಅವನು ಮೊಬೈಲ್ ಟಾಯ್ಲೆಟ್ಟುಗಳ ಕಡೆ ಕೈ ತೋರಿಸಿದ. ಜನ ಗುಂಪುಗುಂಪಾಗಿ ಅತ್ತ ಓಡುತ್ತಿದ್ದರು. ಹಳೆಯ ಹಾಡಾಗಿದ್ದರೆ ಈ ಓಟ ಇರುತ್ತಿರಲಿಲ್ಲವಂತೆ. ಸ್ವರ ಹಿಡಿದು ರಾಗ ಗುರುತಿಸುವ ವಿದ್ವಾಂಸರನ್ನು ಬೇಕಾದಷ್ಟು ನೋಡಿದ್ದೇನೆ. ಮೂತ್ರಾಲಯದ ಸಾಲು ನೋಡಿ ಹಾಡು ಗುರುತಿಸಿದವನನ್ನು ನೋಡಿದ್ದು ಅದೇ ಮೊದಲು.

ಹಳೆಯ ಹಾಡು ಬಂದಾಗ ಮೈದಾನದ ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು, ಪ್ರತಿ ಕೈಯಲ್ಲೂ ಒಂದೊಂದು ಫೋನು. ನನಗೆ ವೇದಿಕೆ ಕಂಡದ್ದು ಮುಂದಿನವನ ಫೋನಿನಲ್ಲಿ, ಅವನಿಗೆ ಕಂಡದ್ದು ಅವನ ಮುಂದಿನವನ ಫೋನಿನಲ್ಲಿ. ಆ ವಿಡಿಯೋಗಳಲ್ಲಿ ದನಿ ಒಡೆದು ಬರೀ ಗರಗರ ಇರುತ್ತದೆ. ನಡುನಡುವೆ ಚಿತ್ರ ತೆಗೆಯುತ್ತಿರುವವನದೇ ಕಿರುಚಾಟ. ಹಾಡೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಚ್ಚುಕಟ್ಟಾಗಿ ದಾಖಲಾಗಿರುತ್ತದೆ ಎನ್ನಬಹುದು.

ಇನ್ನು ಕಿವಿಯ ವಿಷಯ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಕ್ ವೇದಿಕೆಯ ಮುಂದೆ 100 ಎನ್ನುವುದು ಶುರುವಿನ ಲೆಕ್ಕ. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಡೀಪ್ ಪರ್ಪಲ್ ತಂಡ 117 ಡೆಸಿಬೆಲ್ ಮುಟ್ಟಿತೆಂದೂ ಸಭಿಕರಲ್ಲಿ ಮೂವರು ಪ್ರಜ್ಞೆ ತಪ್ಪಿದರೆಂದೂ ಗಿನ್ನೆಸ್ ಪುಸ್ತಕ ಗೌರವದಿಂದ ದಾಖಲಿಸಿತು. 1976ರಲ್ಲಿ ದ ಹೂ ತಂಡದವರು 126ಕ್ಕೆ ಏರಿಸಿದರು. ಆಮೇಲೆ ಜನರ ಕಿವಿ ಹಾಳಾದೀತೆಂದು ಗಿನ್ನೆಸ್‌ನವರು ಈ ಸ್ಪರ್ಧೆಯನ್ನೇ ಕೈಬಿಟ್ಟರು, ಪುಕ್ಕಲರು. ನಮ್ಮ ರಸಿಕನಿಗೆ ಆ ಅಳುಕಿಲ್ಲ. ಮಾರನೆಯ ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿದ್ದರೆ ಅದನ್ನು ಪ್ರಸಾದದಂತೆ ಸ್ವೀಕರಿಸುತ್ತಾನೆ.

ಕತ್ತಿನದೂ ಇದೇ ಕಥೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನ ಕ್ರಿಸ್‌ಮಸ್ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರ ಲೇಖನವೊಂದನ್ನು ಅಚ್ಚು ಹಾಕಿತು. ತಲೆ ಒಗೆಯುವ ಹಾಡಿನ ಸರಾಸರಿ ವೇಗ ನಿಮಿಷಕ್ಕೆ 146 ಪೆಟ್ಟು; ಆ ವೇಗದಲ್ಲಿ ತಲೆಯನ್ನು 75 ಡಿಗ್ರಿಗಿಂತ ಹೆಚ್ಚು ತೂಗಿದರೆ ಮಿದುಳಿಗೆ ಸಣ್ಣ ಪೆಟ್ಟಾಗುವ ಸಂಭವವಿದೆ ಎಂದು ಅವರ ಲೆಕ್ಕ. ಪರಿಹಾರವಾಗಿ ಮೆತ್ತಗಿನ ಹಾಡುಗಳನ್ನು ನುಡಿಸಬಹುದು ಎಂಬ ಸಲಹೆಯನ್ನೂ ಕೊಟ್ಟಿದ್ದರು. ಇದನ್ನು ಓದಿ ಹೇಳಿದಾಗ ಭಾವಮೈದುನ ಕತ್ತಿಗೆ ಕಾಲರ್ ಕಟ್ಟಿಕೊಂಡು ಮಲಗಿದ್ದ. ‘75 ಡಿಗ್ರಿ ಅಂದ್ರೆ ಏನ್ ಭಾವ, ಶುರುನೇ ಆಗಿರಲ್ಲ’ ಎಂದ.

ಹತ್ತು ಗಂಟೆಯ ನಿಯಮವೊಂದು ನಮಗೆ ವರದಾನ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಗಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಎಲ್ಲರೂ ಕಾದು ಕೂತಿರುವ ಹಾಡು ಹತ್ತಕ್ಕೆ ಐದು ನಿಮಿಷ ಇರುವಾಗ ಶುರುವಾಗುವುದು ವಾಡಿಕೆ. ಲಂಡನ್ನಿನವರೂ ಈ ಶಿಸ್ತಿನಲ್ಲಿ ನಮಗಿಂತೇನೂ ಕಮ್ಮಿಯಿಲ್ಲ. 2012ರಲ್ಲಿ ಹೈಡ್ ಪಾರ್ಕಿನ ವೇದಿಕೆಯ ಮೇಲೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಜೊತೆಯಾಗಿ ನಿಂತಿದ್ದಾಗಲೇ ಹೊತ್ತಾಯಿತೆಂದು ಮೈಕ್ ಕಿತ್ತರು.

ಇದಿಷ್ಟು ಹೊರಗಿನ ಸಾಧನೆ. ರಸಿಕನ ನಿಜವಾದ ತಪಸ್ಸು ನಡೆಯುವುದು ಮನೆಯಲ್ಲಿ, ಗ್ರಾಮಫೋನ್ ಪ್ಲೇಟುಗಳ ಸನ್ನಿಧಿಯಲ್ಲಿ.

ನಿಮಿಷಕ್ಕೆ ಮೂವತ್ಮೂರು ಸುತ್ತು, ಮೇಲೆ ಮೂರನೇ ಒಂದು ಸುತ್ತು ಹಾಕುವ ಎಲ್ಪಿ ಬಂದದ್ದು 1948ರಲ್ಲಿ. ಕ್ಯಾಸೆಟ್ ಬಂದ ಮೇಲೆ ನಮ್ಮ ಮಾವನವರು ಮನೆಯಲ್ಲಿದ್ದ ಪ್ಲೇಟುಗಳನ್ನೆಲ್ಲ ಬೀದಿಯಲ್ಲಿ ಬಂದವಳಿಗೆ ಕೊಟ್ಟು ಎರಡು ಸ್ಟೀಲ್ ಪಾತ್ರೆ ತೆಗೆದುಕೊಂಡಿದ್ದರು. ಈಗ ಮಗ ಅವನ್ನೇ ಒಂದೊಂದಾಗಿ ತಿರುಗಿ ಕೊಳ್ಳುತ್ತಿದ್ದಾನೆ: ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಬೆಳಕು ಹರಿಯುವ ಮುಂಚೆ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತು, ಇಲ್ಲವೇ ಪರದೇಶದಿಂದ ತರಿಸಿ ಕಸ್ಟಮ್ಸ್ ಸುಂಕ ಕಟ್ಟಿ. ‘ಆ ಪಾತ್ರೇಲಿ ನಾನು ಇವತ್ತಿಗೂ ಸಾರು ಮಾಡ್ತೀನಿ ಕಣೋ. ನಿನ್ನ ಪ್ಲೇಟಲ್ಲಿ ಏನ್ ಮಾಡ್ತೀಯ?’ ಎಂದು ಅತ್ತೆ ಕೇಳುತ್ತಾರೆ. ಪ್ರಶ್ನೆ ಸಾಧುವಲ್ಲ. ಪ್ಲೇಟಿನಿಂದ ಏನಾದರೂ ಮಾಡಬೇಕು ಎಂದುಕೊಳ್ಳುವುದೇ ತಪ್ಪು.

ಅವನ ಬಳಿ ಪಿಂಕ್ ಫ್ಲಾಯ್ಡ್‌ನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಹಲವು ಪ್ರತಿಗಳಿವೆ. ಒಂದು ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯ ಅಚ್ಚು. ಒಂದು ಜಪಾನಿನದು, ಅದರ ರಟ್ಟಿನ ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ಹರಿದರೆ ಬೆಲೆ ನೆಲ ಕಚ್ಚುತ್ತದೆ. ಇನ್ನೊಂದು ಇಂಗ್ಲೆಂಡಿನ ಮೊದಲ ಅಚ್ಚು ಎಂದು ಅವನ ನಂಬಿಕೆ. ಮೊದಲ ಅಚ್ಚಿನ ಲೇಬಲ್ಲಿನಲ್ಲಿ ತ್ರಿಕೋನ ಪೂರ್ತಿ ನೀಲಿ ತುಂಬಿಕೊಂಡಿರುತ್ತದೆ, ಆಮೇಲಿನವುಗಳಲ್ಲಿ ಬರೀ ಗೆರೆ. ಎಲ್ಲ ಪ್ರತಿಗಳಲ್ಲೂ ಇರುವುದು ಅವೇ ಹಾಡುಗಳು, ಅದೇ ಕ್ರಮದಲ್ಲಿ. ಆದ್ದರಿಂದ ಹಾಡಿನಿಂದ ಪ್ರತಿಗಳನ್ನು ಬೇರ್ಪಡಿಸಲು ಬರುವುದಿಲ್ಲ. ಅದಕ್ಕೆ ನೋಡಬೇಕಾದದ್ದು ಲೇಬಲ್ಲಿನ ಸುತ್ತ ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಕಪ್ಪು ಜಾಗವನ್ನು. ಅಲ್ಲಿ ಅಚ್ಚು ಕೊರೆದವರು ಸಣ್ಣದಾಗಿ ಗೀಚಿದ ಅಂಕಿಗಳಿರುತ್ತವೆ. ಭಾವಮೈದುನ ಪ್ಲೇಟನ್ನು ಎರಡೂ ಅಂಗೈಗಳ ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟಿಗೆ ಓರೆಯಾಗಿಸಿ, ಉಸಿರು ಬಿಗಿಹಿಡಿದು, ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ಅದನ್ನು ಓದುತ್ತಾನೆ. ಪ್ಲೇಟಿನಲ್ಲಿ ಹಾಡಿಲ್ಲದ ಜಾಗ ಅದೊಂದೇ. ಅವನು ಅಷ್ಟು ತನ್ಮಯನಾಗಿ ಕೂರುವುದೂ ಅದೊಂದರ ಮುಂದೆಯೇ.

ನುಡಿಸುವುದಂತೂ ದೂರದ ಮಾತು. ಮುಳ್ಳು ತಾಗಿದಷ್ಟೂ ಪ್ಲೇಟು ಸವೆಯುತ್ತದೆ. ಧೂಳು ಕೂರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಂದು ಮುಖ ಮುಗಿಯಲು ಇಪ್ಪತ್ತು ನಿಮಿಷವಾದರೆ ಕಾರ್ಬನ್ ಬ್ರಷ್ಷಿನಿಂದ ಒರೆಸಿ, ಮುಳ್ಳು ಸ್ವಚ್ಛಗೊಳಿಸಿ, ತೂಕ ಸರಿಪಡಿಸಲು ಅರ್ಧ ಗಂಟೆ. ಹೆಚ್ಚು ಕೊಳೆಯಾಗಿದ್ದರೆ ಮರಗೆಲಸದ ಬಿಳಿ ಗೋಂದನ್ನು ಪ್ಲೇಟಿನ ಮೇಲೆಲ್ಲ ಸವರಿ, ರಾತ್ರಿಯಿಡೀ ಒಣಗಿಸಿ, ಬೆಳಗ್ಗೆ ಹಾಳೆಯ ಹಾಗೆ ಸುಲಿದು ತೆಗೆಯುವವರಿದ್ದಾರೆ. ಪೂರ್ಣಾವಧಿಯ ಉದ್ಯೋಗ ಇದ್ದವರಿಗೆ ಇದೆಲ್ಲ ಮಾಡಿ, ಮೇಲೆ ಕೇಳು ಎಂದರೆ ಹೇಗೆ? ಸೀಲ್ ಒಡೆಯದ ಪ್ರತಿ ಎಲ್ಲಕ್ಕಿಂತ ಶ್ರೇಷ್ಠ. ಒಡೆದರೆ ಬೆಲೆ ಬೀಳುತ್ತದೆ, ಒಡೆಯದಿದ್ದರೆ ಒಳಗೆ ಪ್ಲೇಟು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಅನುಮಾನವನ್ನು ಎದೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬದುಕುವುದಕ್ಕೆ ಎಂಥ ಸಂಯಮ ಬೇಕು!

ಈ ಮಾರ್ಗದಲ್ಲಿ ಅಮೆರಿಕದವರು ನಮಗಿಂತ ಮುಂದಿದ್ದಾರೆಂದು ಒಪ್ಪಬೇಕು. ಅಲ್ಲಿ 2022ರಲ್ಲಿ 4.1 ಕೋಟಿ ಪ್ಲೇಟುಗಳು ಮಾರಾಟವಾಗಿ, 1987ರ ಬಳಿಕ ಮೊದಲ ಸಲ ಸಿಡಿಗಳನ್ನು ಹಿಂದೆ ಹಾಕಿದವು. ಪ್ಲೇಟು ಕೊಳ್ಳುವವರಲ್ಲಿ ಅರ್ಧದಷ್ಟು ಜನರ ಬಳಿ ಅದನ್ನು ನುಡಿಸುವ ಯಂತ್ರವೇ ಇಲ್ಲ ಎಂದು ಲ್ಯೂಮಿನೇಟ್ ಎಂಬ ಸಂಸ್ಥೆ 2023ರಲ್ಲಿ ವರದಿ ಮಾಡಿತು. ಭಾವಮೈದುನನಿಗೆ ಹೇಳಿದೆ. ಅವನು ತನ್ನ ಯಂತ್ರದ ಕಡೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಇನ್ನೂ ಮೋಹ ಬಿಟ್ಟಿಲ್ಲವಲ್ಲ ಎಂದು ನಾಚಿಕೆಯಾಯಿತೋ ಏನೋ.

ಕೇಳುವವರೂ ಇದ್ದಾರೆ ನಿಜ. ಡಿಜಿಟಲ್ ಸ್ಪರ್ಶವಿಲ್ಲದ ಪ್ಲೇಟಿನ ದನಿ ಬೆಚ್ಚಗಿರುತ್ತದೆ, ಡಿಜಿಟಲ್ ತಾಗಿದರೆ ತಣ್ಣಗಾಗುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಅವರ ಆರಾಧ್ಯ ಕಂಪನಿಗಳಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಒಂದು. ಮೂಲ ಟೇಪಿನಿಂದ ನೇರವಾಗಿ ಪ್ಲೇಟಿಗೆ ಇಳಿಸುತ್ತಾರೆಂದು ಹೆಸರು. 2022ರಲ್ಲಿ ಅರಿಝೋನಾದ ಅಂಗಡಿಕಾರರೊಬ್ಬರು ಕಂಪನಿಯ ಎಂಜಿನಿಯರುಗಳನ್ನೇ ಕೇಳಿದಾಗ ಹೊರಬಿದ್ದದ್ದು ಇದು: 2011ರಿಂದಲೂ ಅನೇಕ ಪ್ಲೇಟುಗಳು ನಡುವೆ ಒಂದು ಡಿಜಿಟಲ್ ಕಡತದ ಮೂಲಕವೇ ಹಾದು ಬಂದಿದ್ದವು. ಅಷ್ಟೂ ವರ್ಷ ಅವುಗಳ ಬೆಚ್ಚಗಿನ ದನಿಯನ್ನು ಹೊಗಳಿದ ಕಿವಿಗಳಲ್ಲಿ ಒಂದಕ್ಕೂ ಚಳಿಯಾಗಿರಲಿಲ್ಲ. ಮೊಕದ್ದಮೆ ನಡೆದು ಕಂಪನಿ 2.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಕಿವಿಯನ್ನು ನಂಬಿ ಕೆಟ್ಟವರ ಕಥೆ ಇದು. ಸೀಲ್ ಒಡೆಯದವರಿಗೆ ಯಾವ ನೋವೂ ಆಗಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ಇಂಥವರು ನಿಮ್ಮ ನೆಂಟರಲ್ಲೂ ಇದ್ದಾರು. ಅವರ ಮನೆಗೆ ಹೋದಾಗ ಕಾಫಿ ಲೋಟವನ್ನು ಪ್ಲೇಟುಗಳ ಕಪಾಟಿನ ಮೇಲೆ ಇಡಬೇಡಿ. ಹೆಂಡತಿ ಎದುರಿಗಿದ್ದಾಗ ಬೆಲೆ ಕೇಳಬೇಡಿ. ನೀಲಿ ತ್ರಿಕೋನ ತೋರಿಸಿದರೆ ‘ಅಬ್ಬಾ’ ಎನ್ನಿ. ‘ಒಂದು ಹಾಡು ಹಾಕಿ’ ಎಂದು ಮಾತ್ರ ದಯವಿಟ್ಟು ಬಾಯಿಬಿಡಬೇಡಿ. ಕೇಳಲೇಬೇಕೆಂಬ ಆಸೆ ತಡೆಯದಿದ್ದರೆ ಮೊಬೈಲಿನಲ್ಲಿ ಹಾಕಿಕೊಳ್ಳಿ. ಇಯರ್‌ಫೋನು ನೀವೇ ತಂದಿರಬೇಕು.